ಬೆಕ್ಕಿನ ಮರಿಗೆ ಹುಳುಕಡ್ಡಿ: ಔಷಧದ ಸ್ನಾನವೋ, ಮಾತ್ರೆಯೋ?

ದುಂಡಗೆ ಕೂದಲು ಉದುರಿ ಚರ್ಮದಲ್ಲಿ ಹೊಟ್ಟು ಎದ್ದ ಮರಿ ಬಂದರೆ, ರಾಯಚೂರಿನ ನಮ್ಮ ಆಸರೆ ಕೇಂದ್ರದಲ್ಲಿ ಮೊದಲು ಅದನ್ನು ಬೇರೆ ಕೋಣೆಗೆ ಹಾಕುತ್ತೇವೆ. ಹೆಸರು ಹುಳುಕಡ್ಡಿ, ಆದರೆ ಇದು ಹುಳು ಅಲ್ಲ, ಬೂಷ್ಟಿನ ಜಾತಿ. ಮನುಷ್ಯರಿಗೂ ಅಂಟುತ್ತದೆ, ಕೈಗವಸು ಮರೆಯಬೇಡಿ.

ಸ್ನಾನದ ದೊಡ್ಡ ಲಾಭ ಏನು ಗೊತ್ತಾ? ಮೈಮೇಲಿನ ಬೀಜಕಣಗಳು ಸಾಯುತ್ತವೆ. ಸೋಂಕು ಹರಡುವುದೇ ಅವುಗಳಿಂದ ಅಲ್ವಾ? ಮೈಕೊನಜೋಲ್, ಕ್ಲೋರ್‌ಹೆಕ್ಸಿಡಿನ್ ಎರಡೂ ಇರುವ ಶಾಂಪೂವನ್ನು ವಾರಕ್ಕೆ 2 ಸಲ ಹಚ್ಚಿ, 10 ನಿಮಿಷ ಬಿಟ್ಟು ತೊಳೆಯಬೇಕು. ಸುಣ್ಣ-ಗಂಧಕದ ದ್ರಾವಣವೂ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ತೊಳೆಯದೆ ಮೈಮೇಲೇ ಒಣಗಲು ಬಿಡಬೇಕು. ಕೊಳೆತ ಮೊಟ್ಟೆಯ ವಾಸನೆ ಮಾತ್ರ ತಡೆದುಕೊಳ್ಳಬೇಕು. ನಮ್ಮ ಏಪ್ರಿಲ್ ಬಿಸಿಗೆ ಮರಿ ಬೇಗ ಒಣಗುತ್ತದೆ. ಡಿಸೆಂಬರ್‌ನಲ್ಲಿ ಬೆಳಿಗ್ಗೆ ಬೇಡ, ಪಾಪ, ನಡುಗಿಹೋಗುತ್ತದೆ. ಮಧ್ಯಾಹ್ನ ಮಾಡಿ.

ಇನ್ನು ಮಾತ್ರೆ. ಬೂಷ್ಟಿಗೆ ನುಂಗಿಸುವ ಔಷಧ ಇಟ್ರಕೊನಜೋಲ್ ಒಳಗಿನಿಂದ, ಕೂದಲ ಬುಡದಲ್ಲಿ ಕೆಲಸ ಮಾಡುತ್ತದೆ. ಮರಿ ಬೇಗ ಗುಣವಾಗಲು ಇದು ಬೇಕು. ಡೋಸು ತೂಕದ ಮೇಲೆ, ಪಶುವೈದ್ಯರೇ ಹೇಳಬೇಕು. ಮರಿ ಊಟ ಬಿಟ್ಟರೆ ತಕ್ಷಣ ಅವರಿಗೆ ತಿಳಿಸಿ.

ಮರಿಗಳು ಜಾಸ್ತಿ ಇರುವ ಕಡೆ ಎರಡೂ ಒಟ್ಟಿಗೆ ನಡೆಯಬೇಕು ಅನ್ನುವುದು ನನ್ನ ಅನುಭವದ ಮಾತು. ಒಂದನ್ನೇ ಮೊದಲು ಶುರು ಮಾಡುವ ಹಾಗಿದ್ದರೆ ಸ್ನಾನ. ಸುಮ್ನೆ ಮಾತ್ರೆ ನುಂಗಿಸಿ ಎಲ್ಲ ಮರಿಗಳ ಜೊತೆ ಬಿಟ್ಟರೆ ಹೊಸದಾಗಿ ಬಂದ ಮರಿಗೂ ಅಂಟುತ್ತದೆ. ಹೊದಿಕೆ, ಬುಟ್ಟಿಗಳಲ್ಲಿ ಬೀಜಕಣ ತಿಂಗಳುಗಟ್ಟಲೆ ಬದುಕಿರುತ್ತದೆ. ಹಳೇ ಗೋಣಿಚೀಲ ಹಾಸಿದ್ದರೆ ಎಸೆದುಬಿಡಿ.