ಲಿನಕ್ಸ್‌ಗೂ ವಿಂಡೋಸ್‌ಗೂ ನಡುವೆ ಫೈಲ್ ಹಂಚಿಕೆ: ಸಾಂಬಾ, ಎಸ್‌ಎಫ್‌ಟಿಪಿ, ಸಿಂಕ್‌ಥಿಂಗ್

ನಮ್ಮ ಮನೆಯ ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್ ಮಿಂಟ್, ಹೆಂಡತಿಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11. ಪೆನ್‌ಡ್ರೈವ್ ಇದ್ದರೆ ಸಾಲದೇ ಅನ್ನುವವರು 4 ಜಿಬಿ ಮೀರಿದ ಮದುವೆ ವಿಡಿಯೊವನ್ನು ಫ್ಯಾಟ್32 ಎಂಬ ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಆದ ಡ್ರೈವ್‌ಗೆ ಹಾಕಲು ಹೋಗಿ ನೋಡಲಿ, ಅಷ್ಟು ದೊಡ್ಡ ಫೈಲನ್ನು ಅದು ಒಪ್ಪುವುದೇ ಇಲ್ಲ. ಅದಕ್ಕೇ ಮನೆಯ ನೆಟ್‌ವರ್ಕ್ ಮೇಲೆಯೇ ಬೇರೆ ಬೇರೆ ದಾರಿ ಹಿಡಿದು ನೋಡಿದೆ.

ಸಾಂಬಾ 1992ರಿಂದ ಇರುವ ತಂತ್ರಾಂಶ. ಫೈಲ್ ಹಂಚಲು ವಿಂಡೋಸ್ ಬಳಸುವ ಎಸ್‌ಎಂಬಿ ಎಂಬ ಪ್ರೋಟೊಕಾಲನ್ನೇ, ಅಂದರೆ ಕಂಪ್ಯೂಟರ್‌ಗಳ ನಡುವಿನ ಭಾಷೆಯನ್ನೇ, ಲಿನಕ್ಸ್ ಕೈಲೂ ಆಡಿಸುತ್ತದೆ. ಇದರ ದೊಡ್ಡ ಅನುಕೂಲವೆಂದರೆ ವಿಂಡೋಸ್ ಕಡೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಎಕ್ಸ್‌ಪ್ಲೋರರ್‌ನಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಡೆಸ್ಕ್‌ಟಾಪ್‌ನ ಐಪಿ ವಿಳಾಸ ಬರೆದರೆ ಫೋಲ್ಡರ್ ತೆರೆದುಕೊಳ್ಳುತ್ತದೆ. ವಿಡಿಯೊ ಕಾಪಿ ಮಾಡದೆ ಅಲ್ಲಿಂದಲೇ ನೋಡಬಹುದು. ಕನ್ನಡದ ಫೈಲ್ ಹೆಸರುಗಳೂ ಕೆಡುವುದಿಲ್ಲ.

ತಲೆನೋವೆಲ್ಲ ಸೆಟಪ್‌ನಲ್ಲಿ. ಲಿನಕ್ಸ್ ಲಾಗಿನ್ ಪಾಸ್‌ವರ್ಡ್ ಇಲ್ಲಿ ನಡೆಯದು. ಸಾಂಬಾಗೆಂದೇ ಬೇರೆ ಪಾಸ್‌ವರ್ಡ್ ಕೊಡಬೇಕು. ಸಾಂಬಾದಲ್ಲಿ ಬರೆಯಲು ಅನುಮತಿ ಕೊಟ್ಟಿದ್ದರೂ ಲಿನಕ್ಸ್ ಫೋಲ್ಡರ್‌ನ ಸ್ವಂತ ಪರ್ಮಿಶನ್ ಬಿಡದಿದ್ದರೆ ಫೈಲ್ ಸೇವ್ ಆಗದು. ಫೈರ್‌ವಾಲ್ ಇದ್ದರೆ ಅದರಲ್ಲಿ ಎಸ್‌ಎಂಬಿ ಬಳಸುವ 445ನೇ ಪೋರ್ಟ್ ತೆರೆಯಬೇಕು. ಇಷ್ಟಾದರೂ ವಿಂಡೋಸ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಲಿನಕ್ಸ್ ಕಾಣದಿರಬಹುದು. ಹಳೆಯ ಪಟ್ಟಿ ಎಸ್‌ಎಂಬಿಯ ಮೊದಲ ಆವೃತ್ತಿಯಾದ ಎಸ್‌ಎಂಬಿ1 ಕಾಲದ ವ್ಯವಸ್ಥೆಯನ್ನು ನೆಚ್ಚಿತ್ತು; ಫೈಲುಗಳಿಗೆ ಬೀಗ ಜಡಿದು ಹಣ ಕೇಳಿದ 2017ರ ವಾನಾಕ್ರೈ ದಾಳಿ ನುಗ್ಗಿದ್ದು ಅದೇ ಎಸ್‌ಎಂಬಿ1ರ ದೋಷದ ಮೂಲಕ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಅದು ತಾನಾಗಿ ಇನ್‌ಸ್ಟಾಲ್ ಆಗುವುದು ನಿಂತಿತು. 'ಎಸ್‌ಎಂಬಿ1 ಆನ್ ಮಾಡಿ' ಎನ್ನುವ ಹಳೆಯ ಸಲಹೆಗಳು ಈಗಲೂ ಸಿಗುತ್ತವೆ, ದಯವಿಟ್ಟು ಕೇಳಬೇಡಿ. ಲಿನಕ್ಸ್‌ನಲ್ಲಿ ಡಬ್ಲ್ಯುಎಸ್‌ಡಿಡಿ ಎಂಬ ಪುಟ್ಟ ತಂತ್ರಾಂಶ ಹಾಕಿದರೆ ಪಟ್ಟಿಯಲ್ಲಿ ಹೆಸರು ಬರುತ್ತದೆ. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಫೋಲ್ಡರನ್ನು ಈಚಿನ ವಿಂಡೋಸ್ 11 ಪ್ರೊ ಒಪ್ಪುವುದಿಲ್ಲ, ಅದನ್ನು ನಂಬಿ ಕೂರಬೇಡಿ.

ತಿರುಗಾಮುರುಗಾ, ಅಂದರೆ ಲಿನಕ್ಸ್‌ನಿಂದ ವಿಂಡೋಸ್ ಫೋಲ್ಡರ್ ತೆರೆಯುವಾಗ, ದಿನಾ ಒತ್ತುವ ಪಿನ್ ಕೆಲಸಕ್ಕೆ ಬಾರದು. ಖಾತೆಯ ಪೂರ್ತಿ ಪಾಸ್‌ವರ್ಡ್ ಬೇಕು. ಅದು ಎಷ್ಟು ಜನಕ್ಕೆ ನೆನಪಿರುತ್ತದೋ!

ಫೈಲ್ ಕಳಿಸುವ, ತರುವ ಇನ್ನೊಂದು ವಿಧಾನವಾದ ಎಸ್‌ಎಫ್‌ಟಿಪಿ ಇದಕ್ಕಿಂತ ಬಲು ಸುಲಭ. ಲಿನಕ್ಸ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ ಸರ್ವರ್, ವಿಂಡೋಸ್‌ನಲ್ಲಿ ಉಚಿತವಾದ ವಿನ್‌ಎಸ್‌ಸಿಪಿ, ಅಷ್ಟೇ. ಲಿನಕ್ಸ್ ಪಾಸ್‌ವರ್ಡೇ ಸಾಕು, ದಾರಿಯುದ್ದಕ್ಕೂ ಎನ್‌ಕ್ರಿಪ್ಶನ್ ಇದೆ. ಆದರೆ ಎಡಕ್ಕೊಂದು ಬಲಕ್ಕೊಂದು ಪಟ್ಟಿ ಇರುವ ವಿನ್‌ಎಸ್‌ಸಿಪಿ ಕಿಟಕಿ ನೋಡಿ ನಮ್ಮಾಕೆ 'ಇದೆಲ್ಲ ನೀವೇ ಇಟ್ಕೊಳ್ಳಿ' ಅಂದುಬಿಟ್ಟಳು. ವಿಡಿಯೊ ನೋಡಲೂ ಮೊದಲು ಇಳಿಸಿಕೊಳ್ಳಬೇಕು.

ಸಿಂಕ್‌ಥಿಂಗ್ ರೀತಿಯೇ ಬೇರೆ. ಫೋಲ್ಡರ್‌ನ ಒಂದೊಂದು ಪ್ರತಿ ಎರಡೂ ಕಂಪ್ಯೂಟರ್‌ನಲ್ಲಿ ಇರುತ್ತದೆ, ಒಂದರಲ್ಲಿ ಬದಲಾದದ್ದು ಇನ್ನೊಂದಕ್ಕೂ ತಲುಪುತ್ತದೆ. ಲ್ಯಾಪ್‌ಟಾಪ್ ಆಫೀಸಿಗೆ ಹೋದರೂ ಫೈಲ್ ಜೊತೆಯಲ್ಲೇ. ಒಂದೇ ಫೈಲನ್ನು ಇಬ್ಬರೂ ತಿದ್ದಿದರೆ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸುತ್ತದೆ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಹಾಗಾಗಿ ಇದು ಬ್ಯಾಕಪ್ ಅಲ್ಲ. ಹಳೆಯ ಆವೃತ್ತಿ ಉಳಿಸುವ ಸೆಟ್ಟಿಂಗ್ ಆನ್ ಮಾಡಿಕೊಳ್ಳಿ. ಹೆಸರಿನಲ್ಲಿ ಕೋಲನ್ ಅಥವಾ ಪ್ರಶ್ನಾರ್ಥಕ ಚಿಹ್ನೆ ಇರುವ ಲಿನಕ್ಸ್ ಫೈಲುಗಳು ವಿಂಡೋಸ್ ಬಾಗಿಲಲ್ಲೇ ನಿಲ್ಲುತ್ತವೆ.

ಲಿನಕ್ಸ್ ಲೋಕದ ಇನ್ನೊಂದು ಹಂಚಿಕೆ ವಿಧಾನವಾದ ಎನ್‌ಎಫ್‌ಎಸ್ ಗೋಜಿಗೆ ಹೋಗಲಿಲ್ಲ. ವಿಂಡೋಸ್ ಹೋಮ್‌ನಲ್ಲಿ ಅದನ್ನು ತೆರೆಯುವ ಕ್ಲೈಂಟೇ ಇಲ್ಲ.

ಈಗ ನಮ್ಮಲ್ಲಿ ಫೋಟೊ, ವಿಡಿಯೊ ಸಾಂಬಾದಲ್ಲಿ, ದಿನನಿತ್ಯದ ಕಾಗದಪತ್ರ ಸಿಂಕ್‌ಥಿಂಗ್‌ನಲ್ಲಿ. ವೇಗ ಕಡಿಮೆ ಅನ್ನಿಸಿದರೆ ತಂತ್ರಾಂಶ ಬದಲಿಸುವ ಮೊದಲು ರೂಟರ್ ನೋಡಿ: ಕೇಬಲ್ ಚುಚ್ಚುವ ಪೋರ್ಟ್ 100 ಎಂಬಿಪಿಎಸ್‌ನದ್ದಾದರೆ ಯಾವುದನ್ನು ಹಾಕಿದರೂ ಸೆಕೆಂಡಿಗೆ 12 ಎಂಬಿ ದಾಟದು.