ಕಿವಿ ಮಷೀನು: ತಾಸಿಗೆ ಎಷ್ಟು ಬಿದ್ದೀತು?

ನಾವು ಬಳಸಿ ಹೋಲಿಸಿದ್ದು ಮೂರು: ಆನ್‌ಲೈನ್‌ನಲ್ಲಿ ₹1,500ಕ್ಕೆ ಬರುವ ಸದ್ದು ಹೆಚ್ಚಿಸುವ ಯಂತ್ರ, ಎಡಿಐಪಿ (ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಯೋಜನೆ) ಶಿಬಿರದಲ್ಲಿ ಪುಕ್ಕಟೆ ಸಿಗುವ ಕಿವಿಹಿಂದಿನ ಡಿಜಿಟಲ್ ಮಷೀನು, ಬೆಳಗಾವಿಯ ಕ್ಲಿನಿಕ್ಕಿನಲ್ಲಿ ₹18,000 ಕೊಟ್ಟು ಕೊಳ್ಳುವ ಅದೇ ಬಗೆಯದು. ಐದು ವರ್ಷದ ಖರ್ಚನ್ನೆಲ್ಲ ಕೂಡಿಸಿ, ಮಷೀನು ಕಿವಿಯಲ್ಲಿದ್ದ ತಾಸುಗಳಿಂದ ಭಾಗಿಸಿದೆವು.

₹1,500ರದ್ದು ಬೇಗ ಮುಗಿಯುವ ಮಾತು. ವಯಸ್ಸಾದವರಿಗೆ ಮೊದಲು ತಪ್ಪುವುದು ಸ, ಶ, ತ, ಕ ತರಹದ ತೆಳು ಸದ್ದು. ಈ ಯಂತ್ರ ಎಲ್ಲವನ್ನೂ ಒಂದೇ ಸಮ ಏರಿಸುತ್ತದೆ. ಬಸ್ಸಿನ ಹಾರ್ನ್ ಕಿವಿಗೆ ಬಡಿಯುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ. ದಿನಕ್ಕೆ ಒಂದು ತಾಸು ಹಾಕಿ ವರ್ಷಕ್ಕೆ ಮೂಲೆಗಿಟ್ಟರೆ ತಾಸಿಗೆ ₹4 ದಾಟಿತು. ಅಗ್ಗದ್ದೇ ತುಟ್ಟಿ.

ಕ್ಲಿನಿಕ್ಕಿನದು: ಮಷೀನು ₹18,000. 13 ನಂಬರಿನ ಸೆಲ್ಲು (ಕೇಸರಿ ಪಟ್ಟಿಯದು) ದಿನಕ್ಕೆ 10 ತಾಸು ಬಳಸಿದರೆ ಸುಮಾರು 12 ದಿನ ಬರುತ್ತದೆ. ₹40ರಂತೆ ಐದು ವರ್ಷಕ್ಕೆ 150 ಸೆಲ್ಲು, ₹6,000. ಅಚ್ಚು (ಕಿವಿಯ ಅಳತೆಗೆ ಮಾಡಿಸಿದ ತುದಿ), ಅದಕ್ಕೆ ಸದ್ದು ಒಯ್ಯುವ ನಳಿಕೆ, ಓಡಾಟಕ್ಕೆ ₹4,000. ಒಟ್ಟು ₹28,000, ತಾಸು 18,250. ತಾಸಿಗೆ ಒಂದೂವರೆ ರೂಪಾಯಿ.

ಪುಕ್ಕಟೆಯದನ್ನೂ ಅಷ್ಟೇ ಹೊತ್ತು ಹಾಕಿದರೆ ಮನೆಯವರಿಗೆ ಬೀಳುವುದು ₹10,000, ತಾಸಿಗೆ 55 ಪೈಸೆ. ಇದಕ್ಕಿಂತ ಒಳ್ಳೆಯ ಲೆಕ್ಕ ಇನ್ನೊಂದಿಲ್ಲ. ಆದರೆ ಎರಡೇ ತಾಸು ಹಾಕಿದರೆ? ಸೆಲ್ಲಿನ ಪಟ್ಟಿ ಕಿತ್ತ ಮೇಲೆ ಬಳಸದಿದ್ದರೂ ತಿಂಗಳೊಪ್ಪತ್ತಿನಲ್ಲಿ ಅದು ಸಾಯುತ್ತದೆ. ತಿಂಗಳಿಗೊಂದರಂತೆ 60 ಸೆಲ್ಲು, ₹2,400. ಮೇಲಿನ ₹4,000 ಸೇರಿ ತಾಸಿಗೆ ₹1.75. ಕೊಂಡದ್ದಕ್ಕಿಂತ ದುಬಾರಿ! ಸರ್ಕಾರ ಕೊಟ್ಟ ದುಡ್ಡು ಬೇರೆ.

ಮಷೀನು ಡಬ್ಬಿ ಸೇರಲು ಹೆಚ್ಚಾಗಿ ಕಾರಣ ಅಚ್ಚು. ಕಿವಿಯೊಳಗೆ ದಾರ ಕಟ್ಟಿದ ಹತ್ತಿಯ ತುಂಡು ಇಟ್ಟು, ಮೆತ್ತನೆ ಸಿಲಿಕೋನ್ ತುಂಬಿ ಅಳತೆ ತೆಗೆಯಬೇಕು. ಅದರ ಬದಲು ಎಲ್ಲರಿಗೂ ಒಂದೇ ರಬ್ಬರ್ ತುದಿ ಸಿಕ್ಕಿಸಿದರೆ ಸದ್ದು ಸೋರಿ ಮೈಕಿಗೆ ಮರಳುತ್ತದೆ, ಮಷೀನು ಸೀಟಿ ಹೊಡೆಯುತ್ತದೆ. ಸೀಟಿ ನಿಲ್ಲಿಸಲು ಸದ್ದು ಇಳಿಸುತ್ತಾರೆ, ಮಾತು ಕೇಳುವುದಿಲ್ಲ, ತೆಗೆದಿಡುತ್ತಾರೆ. ಮಕ್ಕಳ ಕಿವಿ ಬೆಳೆಯುವುದರಿಂದ ಅಚ್ಚನ್ನು ಕೆಲವೇ ತಿಂಗಳಿಗೆ ಬದಲಿಸಬೇಕು. ನಳಿಕೆ ಹಳದಿಗಟ್ಟಿ ಗಟ್ಟಿಯಾದರೂ ಸೀಟಿ ಬರುತ್ತದೆ. ಅದರೊಳಗೆ ಬೆವರಿನ ಒಂದು ಹನಿ ನಿಂತರೂ ಸದ್ದು ಪೂರ್ತಿ ಬಂದ್.

ಇಂಥ ಯೋಜನೆಗಳಿಂದ ಜನರಿಗೆ ಎಷ್ಟು ಲಾಭ ಎಂದು ತೂಗುವವರ ಅಳತೆಗೋಲಿನಲ್ಲೂ ಒಂದು ತೊಡಕಿದೆ. ಆರೋಗ್ಯದ ಸ್ಥಿತಿಗೆ ಅಂಕ ಕೊಡಲು ಹೆಚ್ಚು ಬಳಕೆಯಲ್ಲಿರುವ ಇಕ್ಯೂ-5ಡಿ ಪ್ರಶ್ನಾವಳಿ ನಡೆದಾಟ, ಸ್ವಂತ ಆರೈಕೆ, ದಿನಗೆಲಸ, ನೋವು, ಆತಂಕ ಕೇಳುತ್ತದೆ. ಕಿವಿಯ ಮಾತೇ ಇಲ್ಲ. ಹಾಗಾಗಿ ಮೊಮ್ಮಗಳ ಮಾತು ಮತ್ತೆ ಕೇಳಿಸಿದ್ದು ಅಂಕದಲ್ಲಿ ಸರಿಯಾಗಿ ಏರುವುದಿಲ್ಲ. ಎಚ್‌ಯುಐ-3 ಎಂಬ ಇನ್ನೊಂದು ಪ್ರಶ್ನಾವಳಿಯಲ್ಲಿ ಕೇಳುವಿಕೆ ಪ್ರತ್ಯೇಕವಾಗಿದೆ. ಈ ಕೆಲಸಕ್ಕೆ ಅದೇ ತಕ್ಕದ್ದು.

ನಮ್ಮ ಆಯ್ಕೆ ಪುಕ್ಕಟೆ ಮಷೀನು, ಜೊತೆಗೆ ಸ್ವಂತ ದುಡ್ಡಿನ ಅಚ್ಚು. ಶೇ 40ರ ಅಂಗವೈಕಲ್ಯದ ಪ್ರಮಾಣಪತ್ರ, ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ), ಆಡಿಯೋಗ್ರಾಮ್ (ಕಿವಿ ಪರೀಕ್ಷೆಯ ನಕ್ಷೆ) ಒಯ್ಯಿರಿ. ಆಡಿಯೋಗ್ರಾಮ್ ನೋಡಿ ಮಷೀನನ್ನು ಕಂಪ್ಯೂಟರಿಗೆ ಜೋಡಿಸಿ ಹೊಂದಿಸಿಕೊಡಿ ಎಂದು ಕೇಳಿ, ಮೂರು ವಾರಕ್ಕೆ ಮತ್ತೊಮ್ಮೆ ತೋರಿಸಿ. ಇಂಡಿಯಿಂದಲೋ ಬಾದಾಮಿಯಿಂದಲೋ ಬರುವವರಿಗೆ ಆ ಎರಡನೇ ಓಡಾಟ ಒಂದು ದಿನದ ಕೂಲಿ ಕಳೆಯುತ್ತದೆ, ಆದರೂ ಬಿಡಬೇಡಿ. ಜೋಳದ ರಾಶಿಗೆ ಹೋಗುವಾಗ ಮಷೀನು ತೆಗೆದಿಡಿ. ದೂಳು ಮೈಕಿನ ತೂತು ಮುಚ್ಚುತ್ತದೆ. ಹೊಸ ಸೆಲ್ಲಿನ ಪಟ್ಟಿ ಕಿತ್ತ ಮೇಲೆ ಐದು ನಿಮಿಷ ಗಾಳಿಗಿಟ್ಟು ಹಾಕಿ, ರಾತ್ರಿ ಸೆಲ್ಲಿನ ಬಾಗಿಲು ತೆರೆದಿಡಿ.