ಸಕ್ಕರೆ ಬಾರದ ಮಗನಿಗೆ ಎ-ಟು-ಝಡ್ ಪೆಟ್ಟಿಗೆ

ನಮ್ಮ ಮಗನಿಗೆ ನಾಲ್ಕೂವರೆ ವರ್ಷ. ‘ಕ’ ಬರೋದಿಲ್ಲ, ಎಲ್ಲಾ ‘ತ’. ಹಾಲಿನ ಲೋಟ ಹಿಡಿದು ಅಡುಗೆಮನೆಗೆ ಬಂದು “ಅಮ್ಮಾ, ಸತ್ತರೆ ಬೇತು” ಅಂದರೆ ನಮ್ಮತ್ತೆ ದೇವರಮನೆಯಿಂದಲೇ “ಬಿಡ್ತು ಅನ್ನೋ!” ಅಂತ ಕೂಗುತ್ತಾರೆ. ಅವನು ಕೇಳಿದ್ದು ಸಕ್ಕರೆ.

ಮೈಸೂರಿನವರಿಗೆ ಒಂದು ಅನುಕೂಲ. ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮೊದಲು ಅಲ್ಲೇ ಕಿವಿ ಪರೀಕ್ಷೆ ಮಾಡಿಸಿದೆವು, ಕೇಳಿಸೋದರಲ್ಲಿ ತೊಂದರೆ ಏನಿಲ್ಲ. ಥೆರಪಿಗೆ ಮಾತ್ರ ಮನೆ ಹತ್ತಿರದ ಒಬ್ಬರು ಮೇಡಂ ಹತ್ತಿರ ವಾರಕ್ಕೆರಡು ದಿನ ಹೋಗುತ್ತೇವೆ. ಅವರ ಕೋಣೆ ತುಂಬಾ ಆಟದ ಸಾಮಾನು. ನಮ್ಮ ಮನೆಯಲ್ಲೂ ಇರಲಿ ಅಂತ ಒಂದು ರಾತ್ರಿ ಹನ್ನೊಂದು ಗಂಟೆಗೆ ಮೊಬೈಲಿನಲ್ಲಿ ಆರ್ಡರ್ ಮಾಡಿದ್ದು ಈ ‘ಸ್ಪೀಚ್ ಸೌಂಡ್ ಬಾಕ್ಸ್’. 2,450 ರೂಪಾಯಿ.

ಪೆಟ್ಟಿಗೆ ನೋಡೋಕೆ ಚೆಂದ, ಸುಳ್ಳು ಹೇಳಬಾರದು. ಮರದ್ದು, 26 ಪುಟ್ಟ ಡ್ರಾಯರು, ಒಂದೊಂದರಲ್ಲಿ ಮೂರು ನಾಲ್ಕು ಗೊಂಬೆ. ಮಗ ಅರ್ಧ ಗಂಟೆ ಬರೀ ಡ್ರಾಯರ್ ಎಳೆದು ತಳ್ಳಿ ಮಾಡಿದ. ನಾನು ಆಸೆಯಿಂದ ‘ಕೆ’ ಡ್ರಾಯರ್ ತೆಗೆದೆ. ಒಂದು ಕೀ, ಒಂದು ಕೈಟು, ಒಂದು ಕಾಂಗರೂ, ಒಂದು ಚಾಕು. ಚಾಕು ಯಾಕೆ ಅಂತ ಒಂದು ನಿಮಿಷ ಹೊಳೆಯಲಿಲ್ಲ. ನೈಫ್! ಬರೆಯೋದು ಕೆ, ಅನ್ನೋದು ನ. ಉಚ್ಚಾರಣೆ ಕಲಿಸೋ ಪೆಟ್ಟಿಗೆ ಸ್ವಾಮಿ ಇದು.

ಮಾರನೇ ಸಲ ಹೊತ್ತುಕೊಂಡು ಹೋಗಿ ಮೇಡಂಗೆ ತೋರಿಸಿದೆ. ಅವರು ನಗಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವರು. ಅವರು ಹೇಳಿದ್ದು ನನಗೆ ಯಾವತ್ತೂ ಹೊಳೆಯದ ಮಾತು. ಇಂಗ್ಲಿಷಿನಲ್ಲಿ ಬುಕ್, ಡಕ್, ಸಾಕ್ ಅಂತ ಮಾತಿನ ಕೊನೆಗೆ ‘ಕ್’ ನಿಲ್ಲುತ್ತೆ, ಪೆಟ್ಟಿಗೆಯಲ್ಲೂ ಅಂಥವು ಬೇಕಾದಷ್ಟಿವೆ. ನಮ್ಮ ಮಾತು ಸ್ವರದಲ್ಲೇ ಮುಗಿಯೋದು, ಹಾಗಾಗಿ ಇವನಿಗೆ ಆ ದಾರಿ ಸಿಗಲ್ಲ. ನಮ್ಮಲ್ಲಿರೋದು ಒತ್ತಕ್ಷರ. ಅಕ್ಕಿ, ಬೆಕ್ಕು, ಹಕ್ಕಿ ಅನ್ನುವಾಗ ನಾಲಿಗೆಯ ಹಿಂಭಾಗ ಮೇಲೆದ್ದು ಅಂಗುಳಿಗೆ ತಾಗಿ ಒಂದು ಕ್ಷಣ ಕಾಯುತ್ತೆ. ಆ ಕಾಯೋ ಹೊತ್ತಿನಲ್ಲಿ ಮಗುವಿಗೆ ಜಾಗ ಗೊತ್ತಾಗುತ್ತೆ. “ಮನೆಯಲ್ಲಿ ‘ಕ್ಕ’ ಇರೋ ಸಾಮಾನು ಹುಡುಕಿ” ಅಂದರು.

ಅಟ್ಟದ ಮೇಲಿದ್ದ ದಸರಾ ಗೊಂಬೆ ಟ್ರಂಕು ನೆನಪಾಯಿತು. ಅದರಲ್ಲಿ ಸೆಟ್ಟಿ ಅಂಗಡಿ ಇದೆಯಲ್ಲ! ಸೆಟ್ಟಿ, ಸೆಟ್ಟಿತಿ, ಹೆಬ್ಬೆರಳಷ್ಟು ತಕ್ಕಡಿ. ಅಂಗಡಿಗೆ ಅಕ್ಕಿ, ಸಕ್ಕರೆ, ಚಕ್ಕೆ ಸುರಿದೆವು. ಗಿರಾಕಿ ಬೆಕ್ಕು, ಅದು ಚನ್ನಪಟ್ಟಣದ್ದು, ಅರಗಿನ ಬಣ್ಣ ಇನ್ನೂ ಪಳಪಳ. ಒಂದು ಪೈಸೆ ಖರ್ಚಿಲ್ಲ.

ಆಡಿಸೋ ರೀತಿಯನ್ನೂ ಮೇಡಂ ತೋರಿಸಿಕೊಟ್ಟರು. “ಇದೇನು ಹೇಳು, ಹೇಳು” ಅಂತ ಪೀಡಿಸಬಾರದು. ಸಾಮಾನು ನನ್ನ ಕೈಯಲ್ಲಿ, ಅದೂ ನನ್ನ ಬಾಯಿಯ ಹತ್ತಿರ, ಅವನಿಗೆ ತುಟಿ ಕಾಣೋ ಹಾಗೆ. ಒಂದೊಂದೇ ಕೊಡಬೇಕು, ಕೊಡೋ ಮುಂಚೆ ಸುಮ್ಮನೆ ಕಾಯಬೇಕು. ನನ್ನಂಥ ವಾಚಾಳಿಗೆ ಐದು ಸೆಕೆಂಡು ಬಾಯಿ ಮುಚ್ಚಿಕೊಂಡಿರೋದೇ ದೊಡ್ಡ ಥೆರಪಿ.

ಅವರು ಆಡಿಸಿದ್ದರಲ್ಲಿ ನಾನು ಮರೆಯದ್ದು ಒಂದಿದೆ. ಬೆಂಕಿಪೊಟ್ಟಣ ಅಡ್ಡ ಇಟ್ಟು ಅದು ಕಟ್ಟೆ ಅಂದರು, ಪಕ್ಕದಲ್ಲಿ ಆಟದ ತಟ್ಟೆ. “ಅಜ್ಜನ ಎಲ್ಲಿ ಕೂರಿಸಲಿ?” ಇವನು “ತಟ್ಟೆ ಮೇಲೆ” ಅಂದ. ಅವರು ಗಂಭೀರವಾಗಿ ಅಜ್ಜನನ್ನು ತಟ್ಟೆಯಲ್ಲಿ ಕೂರಿಸಿದರು. ಇವನು ಬಿದ್ದು ಬಿದ್ದು ನಕ್ಕ. ಎರಡನೇ ಸಲಕ್ಕೆ ನಗು ನಿಂತಿತು, ಮೂರನೇ ಸಲಕ್ಕೆ ಸಿಟ್ಟು. ಬೆರಳು ತೋರಿಸಿ, ಕುತ್ತಿಗೆ ನರ ಬಿಗಿದು, “ಕ್…ಅಟ್ಟೆ!” ಅಂದ. ಎರಡು ತುಂಡಾಗಿ ಬಂದರೂ ಅದು ‘ಕ’ನೇ. ಈ ಪೆಟ್ಟಿಗೆಯಲ್ಲಿ ಇಂಥ ಜೋಡಿ ಒಂದೂ ಸಿಗಲ್ಲ, ಸಿಗೋಕೆ ಅದಕ್ಕೆ ಕನ್ನಡ ಗೊತ್ತಿರಬೇಕಲ್ಲ.

ಇನ್ನೊಂದು ದೂರು. ಮನೆಯಲ್ಲಿ ಒಂದೂವರೆ ವರ್ಷದ ಇನ್ನೊಂದು ಕೂಸಿದೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. 3 ಸೆಂ.ಮೀ.ಗಿಂತ ತುಸು ಅಗಲದ ಕೊಳವೆಯೊಳಗೆ ಪೂರ್ತಿ ಇಳಿಯೋ ಆಟಿಕೆ ಮೂರು ವರ್ಷದೊಳಗಿನವರಿಗೆ ಅಪಾಯ, ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಇದರಲ್ಲಿ ಮುಕ್ಕಾಲು ಪಾಲು ಅಂಥವೇ. ಎಚ್ಚರಿಕೆಯ ಒಂದು ಚೀಟಿಯೂ ಇರಲಿಲ್ಲ. 2021ರ ಜನವರಿಯಿಂದ ಆಟಿಕೆಗಳಿಗೆ ಕಡ್ಡಾಯವಾದ ಐಎಸ್‌ಐ ಗುರುತನ್ನು ತಿರುಗಿಸಿ ಮುರುಗಿಸಿ ಹುಡುಕಿದೆ, ಕಾಣಲಿಲ್ಲ. ಬಾತುಕೋಳಿಯ ಹಳದಿ ಬಣ್ಣ ಒಂದೇ ವಾರದಲ್ಲಿ ನನ್ನ ಬೆರಳಿಗೆ ಬಂತು. ವಾಪಸ್ ಕಳಿಸೋಣ ಅಂದರೆ ಏಳು ದಿನದ ಗಡುವು ಮುಗಿದಿತ್ತು. (ಸೆಟ್ಟಿ ತಕ್ಕಡಿಯೂ ಚಿಕ್ಕದೇ. ಅದಕ್ಕೇ ಚಿಕ್ಕವಳು ಮಲಗಿದ ಮೇಲೆಯೇ ನಮ್ಮ ಅಂಗಡಿ ಬಾಗಿಲು ತೆಗೆಯೋದು.)

ಈಗ ಮೂರು ತಿಂಗಳಾಯಿತು. ಅಂಗಡಿ ಆಟದಲ್ಲಿ ಸಕ್ಕರೆ ಸರಿಯಾಗಿ ಬರುತ್ತೆ. ಹಾಲು ಆರಿಹೋಗುತ್ತೆ ಅನ್ನೋ ಅವಸರದಲ್ಲಿ ಈಗಲೂ ಸತ್ತರೆಯೇ, ಅತ್ತೆ ಈಗಲೂ ಕೂಗುತ್ತಾರೆ. ಮಾಮೂಲಿ ಮಾತಿಗೆ ಇಳಿಯೋಕೆ ಇನ್ನೂ ಸಮಯ ಬೇಕು ಅಂದಿದ್ದಾರೆ ಮೇಡಂ.

ಇಂಗ್ಲಿಷೇ ಮನೆಮಾತಾಗಿರೋ ಮಗುವಿಗಾದರೆ ಈ ಪೆಟ್ಟಿಗೆ ನಡೆಯುತ್ತೇನೋ, ನೈಫ್ ತೆಗೆದಿಟ್ಟು. ನನ್ನ ಕಡೆಯಿಂದ ಐದಕ್ಕೆ ಎರಡು ಸ್ಟಾರ್. ಒಂದು ಡ್ರಾಯರುಗಳಿಗೆ, ಈಗ ಅವುಗಳಲ್ಲಿ ಸೆಟ್ಟಿಯ ದಿನಸಿ ಇದೆ. ಇನ್ನೊಂದು ‘ಬಿ’ ಡ್ರಾಯರಿನ ಕೆಂಪು ಬಸ್ಸಿಗೆ, ಅದು ದಿನಾ ರಾತ್ರಿ ಮಂಡ್ಯದಿಂದ ಅಕ್ಕಿ ತರುತ್ತೆ.